ರೂಮು ಖಾಲಿ, ಪರದೆಯಲ್ಲಿ ಭರ್ತಿ

2022ರ ಅಕ್ಟೋಬರ್ 19ರಂದು ಭಾರತೀಯ ಸ್ಪರ್ಧಾ ಆಯೋಗ ಹೊರಡಿಸಿದ ಆದೇಶದಲ್ಲಿ ಎಲ್ಲರ ಕಣ್ಣಿಗೆ ಬಿದ್ದದ್ದು ದಂಡದ ಮೊತ್ತ. ಆನ್‌ಲೈನಿನಲ್ಲಿ ಹೋಟೆಲ್ ರೂಮು ಮಾರುವ ಮೇಕ್‌ಮೈಟ್ರಿಪ್–ಗೋಐಬಿಬೊ ಜೋಡಿಗೆ 223.48 ಕೋಟಿ ರೂಪಾಯಿ, ಓಯೊಗೆ 168.88 ಕೋಟಿ. ಪತ್ರಿಕೆಗಳ ವಾಣಿಜ್ಯ ಪುಟ ಅಷ್ಟನ್ನು ದಪ್ಪಕ್ಷರದಲ್ಲಿ ಹಾಕಿ ಮುಂದೆ ಹೋಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆದೇಶದ ತಳದಲ್ಲಿದ್ದ ಒಂದು ನಿರ್ದೇಶನ. ಯಾವುದಾದರೂ ಹೋಟೆಲ್ ನಿಮ್ಮ ತಾಣದಲ್ಲಿ ಸಿಗದಿದ್ದರೆ ಯಾಕೆ ಸಿಗುತ್ತಿಲ್ಲ, ಅವರೊಂದಿಗಿನ ಒಪ್ಪಂದ ಮುರಿದಿದೆಯೋ, ನಿಮ್ಮ ಪಾಲಿಗೆ ಬಿಟ್ಟ ರೂಮುಗಳು ಮುಗಿದಿವೆಯೋ ಎಂಬುದನ್ನು ಗಿರಾಕಿಗೆ ಬಿಚ್ಚಿ ಹೇಳಿ ಎಂದು ಮೇಕ್‌ಮೈಟ್ರಿಪ್‌ಗೆ ಆಯೋಗ ತಾಕೀತು ಮಾಡಿತ್ತು. ಜಗಳವಾಡಿ ಹೊರಬಿದ್ದ ಹೋಟೆಲಿನ ರೂಮುಗಳು ಖಾಲಿ ಬಿದ್ದಿದ್ದರೂ ಪರದೆಯ ಮೇಲೆ ಮಾತ್ರ ‘ಸೋಲ್ಡ್ ಔಟ್’ ಎಂದು ಬರುತ್ತದೆ ಎಂಬುದು ಹೋಟೆಲ್ ಮಾಲೀಕರ ಒಕ್ಕೂಟದ ದೂರುಗಳಲ್ಲೊಂದಾಗಿತ್ತು.

ಇದ್ದುದನ್ನು ಇಲ್ಲವೆನ್ನುವ ಈ ಚಮತ್ಕಾರ ದೊಡ್ಡ ಊರುಗಳದ್ದು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ಕಡೆ ನಡೆಯುವುದು ಇದರ ತದ್ವಿರುದ್ಧ. ಇಲ್ಲದ ರೂಮು ಇದೆ ಎಂದು ತೋರುತ್ತದೆ, ದುಡ್ಡು ಕಟ್ಟಿಸಿಕೊಳ್ಳುತ್ತದೆ, ರಾತ್ರಿ ಹತ್ತಕ್ಕೆ ಬಸ್ಸಿಳಿದವನನ್ನು ಬೀದಿಯಲ್ಲಿ ನಿಲ್ಲಿಸುತ್ತದೆ. ಎರಡಕ್ಕೂ ಬೇರು ಒಂದೇ: ಊರಲ್ಲಿ ಇಳಿದುಕೊಳ್ಳಲು ಜಾಗ ಇದೆಯೋ ಇಲ್ಲವೋ ಎಂದು ಹೇಳುವ ಹಕ್ಕು ಆ ಊರಿನವರ ಕೈತಪ್ಪಿ ಬೇರೆಲ್ಲೋ ಕೂತವರಿಗೆ ಹೋದದ್ದು. ಅದು ಹೋದ ದಾರಿ ಹಿಡಿದು ಹೊರಟರೆ ಬಲು ಹಿಂದಕ್ಕೆ ಹೋಗಬೇಕಾಗುತ್ತದೆ.

ಹೊರಗಿನವರು ಬಂದು ತಂಗುವುದು ಈ ಸೀಮೆಗೆ ಹೊಸದೇನಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದರು. ಸುವರ್ಣಗಿರಿಯಿಂದ ಇಲ್ಲಿನ ಇಸಿಲದ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ಬಂದ ಅಪ್ಪಣೆ ಅದು. ಅದರಲ್ಲಿ 256 ಎಂಬ ಸಂಖ್ಯೆಯೊಂದು ಬರುತ್ತದೆ. ದೊರೆ ಅರಮನೆ ಬಿಟ್ಟು ಸಂಚಾರದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂದು ಅನೇಕ ವಿದ್ವಾಂಸರು ಅರ್ಥ ಮಾಡಿದ್ದಾರೆ. ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿದ್ದರೂ ತಾನು ಲಿಪಿಕಾರ ಎಂಬುದನ್ನು ಮಾತ್ರ ಈ ಆಸಾಮಿ ಬಲದಿಂದ ಎಡಕ್ಕೆ ಹರಿಯುವ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಗಾಂಧಾರದ ಕಡೆ ನಡೆಯುತ್ತಿದ್ದ ಲಿಪಿ! ನನಗೆ ಈ ಚಪಡನ ಮೇಲೆ ವಿಪರೀತ ಅಕ್ಕರೆ. ಅಷ್ಟು ದೂರದ ಲಿಪಿ ಬೆರಳಲ್ಲಿಟ್ಟುಕೊಂಡು ಬಂದವನಿಗೆ ಬಂಡೆಯ ಕೆಲಸ ಮುಗಿಯುವವರೆಗೆ ಇಸಿಲದಲ್ಲಿ ಯಾರೋ ಒಬ್ಬರು ಜಗಲಿ ಗುಡಿಸಿ ಚಾಪೆ ಹಾಸಿರಲೇಬೇಕು. ದಾರಿಯುದ್ದಕ್ಕೂ ಆಲದ ಮರ ನೆಡಿಸಿ, ಬಾವಿ ತೋಡಿಸಿ, ತಂಗುಮನೆ ಕಟ್ಟಿಸಿದೆನೆಂದು ಅದೇ ಅಶೋಕ ತನ್ನ ಏಳನೆಯ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ಬ್ರಹ್ಮಗಿರಿಗೂ ಅಂಥದೊಂದು ಸಿಕ್ಕಿತ್ತೆಂದು ನಂಬುವುದು ನನ್ನಿಷ್ಟ.

ನಡುವಿನ ಎರಡು ಸಾವಿರ ವರ್ಷ ಹಾರಿ ಬರೋಣ. ಅಲ್ಲಿ ಮಠವಿದೆ, ಅರವಟಿಗೆ ಇದೆ, ಛತ್ರವಿದೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರಿಗೋ ಗೌರಸಮುದ್ರದ ಮಾರಮ್ಮನ ಜಾತ್ರೆಗೋ ಗಾಡಿ ಕಟ್ಟಿಕೊಂಡು ಬಂದವರು ಗಾಡಿಯ ಕೆಳಗೆ, ಮರದ ಬುಡದಲ್ಲಿ, ನಂಟರ ಪಡಸಾಲೆಯಲ್ಲಿ ಮಲಗಿ ಎದ್ದು ಹೋಗುತ್ತಿದ್ದರು. ಈ ಕಡೆಯಿಂದ ಬೆಂಗಳೂರಿಗೆ ಹೋದವರಿಗೆ ಮೆಜೆಸ್ಟಿಕ್ ಪಕ್ಕದಲ್ಲೇ ತೋಟದಪ್ಪನ ಛತ್ರವಿತ್ತು. ಗುಬ್ಬಿಯ ವ್ಯಾಪಾರಿ ತೋಟದಪ್ಪನವರು ರೈಲು ನಿಲ್ದಾಣದ ಎದುರು ಕಟ್ಟಿಸಿ, 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಂದ ತೆರೆಸಿದ ಛತ್ರ ಅದು. ಛತ್ರದಲ್ಲಿ ಜಾಗವಿದೆಯೇ ಎಂದು ಕೇಳಲು ಬಾಗಿಲವರೆಗೆ ನಡೆದೇ ಹೋಗಬೇಕಿತ್ತು. ಆದರೆ ಅಲ್ಲಿ ಸಿಕ್ಕ ಉತ್ತರ ಬಾಗಿಲಲ್ಲಿ ನಿಂತವನದ್ದು. ಇದೆ ಎಂದರೆ ಅವನೇ ಜಾಗ ತೋರಿಸಬೇಕು, ಇಲ್ಲ ಎಂದರೆ ಇಲ್ಲವೆಂದ ಮುಖವನ್ನು ಅವನೇ ಹೊತ್ತು ನಿಲ್ಲಬೇಕು.

ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರ, ಜನರ ಬಾಯಲ್ಲಿ ಐಬಿ, ಈ ಪದ್ಧತಿಗೆ ಒಂದು ಚೀಟಿ ಸೇರಿಸಿತು. ಎಂಜಿನಿಯರ ಸಹಿಯ ಚೀಟಿ ಹಿಡಿದು ಹೋದರೆ ಮೇಟಿ ಬೀಗ ತೆಗೆಯುತ್ತಾನೆ, ಕೋಳಿ ತರಲೇ ಎಂದು ಕೇಳುತ್ತಾನೆ. ಮಂತ್ರಿ ಬರುತ್ತಾರೆಂಬ ಸುದ್ದಿ ಬಂದರೆ ಚೀಟಿಗೆ ಕಿಮ್ಮತ್ತಿಲ್ಲ. ಅದು ಅನ್ಯಾಯವೇ. ಆದರೂ ಯಾರ ಸಲುವಾಗಿ ಹೊರಬಿದ್ದೆವೆಂದು ಗೊತ್ತಾಗುತ್ತಿತ್ತು, ಬೈಯಲು ಒಂದು ಹೆಸರಿತ್ತು. ಆಮೇಲೆ ಬಸ್ ಸ್ಟ್ಯಾಂಡುಗಳ ಸುತ್ತ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಬೋರ್ಡುಗಳೆದ್ದವು. ಎಣ್ಣೆ ಮಿಲ್ಲುಗಳ ಊರಾದ ಚಳ್ಳಕೆರೆಗೆ ಶೇಂಗಾ ಖರೀದಿಗೆ ಬರುವ ದಲ್ಲಾಳಿ, ಮೊಳಕಾಲ್ಮುರಿಗೆ ರೇಷ್ಮೆ ಸೀರೆಗೆ ಬರುವ ಸಾಹುಕಾರ, ಇಬ್ಬರಿಗೂ ಕಾಯಂ ರೂಮಿತ್ತು. ಫೋನ್ ಬಂದ ಮೇಲೆ ‘ಸೋಮವಾರ ಬರ್ತೀನಿ’ ಎಂದರೆ ಸಾಕು, ಲಾಡ್ಜಿನ ಉದ್ದ ಪುಸ್ತಕದಲ್ಲಿ ಸೋಮವಾರದ ಗೆರೆಯ ಮೇಲೆ ಹೆಸರು ಏರುತ್ತಿತ್ತು.

ರೂಮಿದೆಯೋ ಇಲ್ಲವೋ ಎಂಬ ಮಾತು ಊರು ಬಿಟ್ಟದ್ದು ಅಮೆರಿಕದಲ್ಲಿ. ಅಲ್ಲಿನ ಹಾಲಿಡೇ ಇನ್ ಕಂಪನಿ 1965ರಲ್ಲಿ ತನ್ನ ಹೋಟೆಲುಗಳನ್ನೆಲ್ಲ ಹೋಲಿಡೆಕ್ಸ್ ಎಂಬ ಕಂಪ್ಯೂಟರ್ ಜಾಲಕ್ಕೆ ಪೋಣಿಸಿತು. ಅದು ತನ್ನ ರೂಮು, ತನ್ನ ಲೆಕ್ಕ, ತಕರಾರಿಲ್ಲ. ನಿಜವಾದ ತಿರುವು ಬಂದದ್ದು 1991ರಲ್ಲಿ, ಡಲ್ಲಾಸ್‌ನಲ್ಲಿ. ಹೋಟೆಲ್ ರಿಸರ್ವೇಷನ್ಸ್ ನೆಟ್‌ವರ್ಕ್ ಎಂಬ ಸಂಸ್ಥೆ ಒಂದೂ ಹೋಟೆಲಿಲ್ಲದೆ ಹೋಟೆಲುಗಳಿಂದ ಸಗಟು ದರಕ್ಕೆ ರೂಮು ಹಿಡಿದು, ತನ್ನ ಲಾಭ ಸೇರಿಸಿ ಫೋನಿನ ಮೇಲೆ ಮಾರತೊಡಗಿತು. ಮುಂದೆ ಅದೇ ಹೋಟೆಲ್ಸ್ ಡಾಟ್ ಕಾಮ್ ಆಯಿತು. 1996ರಲ್ಲಿ ಮೈಕ್ರೋಸಾಫ್ಟಿನ ಒಳಗೆ ಎಕ್ಸ್‌ಪೀಡಿಯ ಹುಟ್ಟಿತು. ಅದೇ ವರ್ಷ ನೆದರ್ಲೆಂಡ್ಸಿನಲ್ಲಿ ಇಂದಿನ ಬುಕಿಂಗ್ ಡಾಟ್ ಕಾಮ್‌ನ ಮೂಲ ತಾಣ ಶುರುವಾಯಿತು.

ನಮ್ಮಲ್ಲಿ ಪರದೆಯನ್ನು ನಂಬಲು ಕಲಿಸಿದ್ದು ರೈಲು. ಐಆರ್‌ಸಿಟಿಸಿ 2002ರಲ್ಲಿ ಟಿಕೆಟ್‌ಗಳನ್ನು ಅಂತರ್ಜಾಲಕ್ಕೆ ತಂದಿತು. ಅಲ್ಲಿ ಸೀಟು ರೈಲ್ವೆಯದ್ದು, ಉತ್ತರವೂ ರೈಲ್ವೆಯದ್ದು. ವೇಟಿಂಗ್ ಲಿಸ್ಟಿನಲ್ಲಿ ಹದಿನಾಲ್ಕನೆಯವನು ಎಂದರೆ ಹದಿನಾಲ್ಕನೆಯವನೇ. ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿದ್ದ ಫಣೀಂದ್ರ ಸಾಮ ಅವರಿಗೆ 2005ರ ದೀಪಾವಳಿಗೆ ಊರಿಗೆ ಹೋಗಲು ಬಸ್ ಟಿಕೆಟ್ ಸಿಗಲಿಲ್ಲ. ಮರುವರ್ಷ ಗೆಳೆಯರ ಜೊತೆ ಸೇರಿ ಅವರು ಕಟ್ಟಿದ್ದು ರೆಡ್‌ಬಸ್. ಹತ್ತಾರು ಖಾಸಗಿ ಬಸ್ ಮಾಲೀಕರ ಸೀಟುಗಳನ್ನು ಒಂದೇ ಪರದೆಗೆ ತಂದ ಸಾಹಸ ಅದು. ಬಸ್ಸು ಯಾರದೋ, ಮಾತು ಇನ್ಯಾರದೋ ಎಂಬ ಏರ್ಪಾಡು ನಮಗೆ ರೂಢಿಯಾದದ್ದೂ ಅಲ್ಲಿಂದ. 2013ರಲ್ಲಿ ರೆಡ್‌ಬಸ್ ಐಬಿಬೊ ಪಾಲಾಯಿತು, 2017ರಲ್ಲಿ ಆ ಐಬಿಬೊವೇ ಮೇಕ್‌ಮೈಟ್ರಿಪ್ ಪಾಲಾಯಿತು. ರೈಲಿನ ಮೇಲಿಟ್ಟಿದ್ದ ನಂಬಿಕೆಯನ್ನೇ ಜನ ಬಸ್ಸಿಗೆ, ಬಸ್ಸಿನಿಂದ ರೂಮಿಗೆ ದಾಟಿಸಿಕೊಂಡರು. ಆದರೆ ಒಂದು ಲಾಡ್ಜಿನ ಹನ್ನೆರಡು ರೂಮುಗಳನ್ನು ನಾಲ್ಕು ತಾಣಗಳು ಏಕಕಾಲಕ್ಕೆ ಮಾರುತ್ತಿರುತ್ತವೆ. ಒಂದರಲ್ಲಿ ಹೋದ ರೂಮನ್ನು ಉಳಿದ ಮೂರರಿಂದ ಇಳಿಸಬೇಕಾದವನು ಕೌಂಟರಿನ ಹುಡುಗ. ಅವನು ಆ ಹೊತ್ತಿಗೆ ನೀರಿನ ಮೋಟರು ಹಾಕಲು ಹೋಗಿರುತ್ತಾನೆ.

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನ ಕಥೆ ಇಲ್ಲಿಗೆ ಬಂದು ಕೂಡಿಕೊಳ್ಳುತ್ತದೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಬಿಟ್ಟಿದ್ದ ಹುಲ್ಲುಗಾವಲು ಇದು. ಸುತ್ತಲಿನ ಹಟ್ಟಿಗಳ ಕುರಿ, ದನ, ಕಂಬಳಿ ಕಸುಬು ಎಲ್ಲವೂ ಇದರ ಮೇಲೆ ನಿಂತಿದ್ದವು. ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ಸುಮಾರು ಹತ್ತು ಸಾವಿರ ಎಕರೆಯನ್ನು ಸರ್ಕಾರ ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಹಂಚಿತು. ಗೋಡೆ ಎದ್ದಿತು, ಕುರಿ ಹಾದಿ ಮುಚ್ಚಿತು, ವಿಷಯ ಹಸಿರು ನ್ಯಾಯಮಂಡಳಿಗೆ ಹೋಯಿತು. ಆ ನೋವಿನ ಕಥೆಯನ್ನು ಬೇರೆಯವರು ವಿವರವಾಗಿ ಬರೆದಿದ್ದಾರೆ. 2017ರ ಮೇ 28ರಂದು ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಚಿನೂಕ್ ಹೆಲಿಕಾಪ್ಟರ್ ಆಕಾಶಕ್ಕೆತ್ತಿ ಬಿಟ್ಟ ಇಸ್ರೊದ ಮರುಬಳಕೆಯ ವಾಹನ ಅಲ್ಲಿನ ರನ್‌ವೇಗೆ ತಾನಾಗಿಯೇ ಬಂದು ಇಳಿಯಿತು. ಆಕಾಶದಿಂದ ಬಂದದ್ದಕ್ಕೆ ಜಾಗ ಖಾತ್ರಿ. ವಿಜ್ಞಾನಿಗಳಿಗೆ ಆವರಣದೊಳಗೆ ಅತಿಥಿಗೃಹ. ಕುದಾಪುರದ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿಗೆ ತರಬೇತಿಗೆ ಬರುವ ಮೇಷ್ಟ್ರುಗಳಿಗೂ ಒಳಗೇ ವಸತಿ. ಉಳಿದವರು, ಅಂದರೆ ಕಂಟ್ರಾಕ್ಟರ ಕಡೆಯವರು, ಯಂತ್ರ ಕೂರಿಸಲು ಬರುವ ಮೆಕ್ಯಾನಿಕ್ಕುಗಳು, ಲಾರಿ ಡ್ರೈವರುಗಳು, ಚಳ್ಳಕೆರೆಯ ಲಾಡ್ಜುಗಳಿಗೆ ಬಂದರು. ಇವರಿಗೆ ಊರಲ್ಲಿ ನಂಟರಿಲ್ಲ, ಕಾಯಂ ರೂಮಿಲ್ಲ. ಕೈಯಲ್ಲಿ ಮೊಬೈಲ್ ಮಾತ್ರ.

ಮೊಬೈಲಿನ ಭೂಗೋಳವೇ ಬೇರೆ. ಚಳ್ಳಕೆರೆ ಎಂದು ಹುಡುಕಿದರೆ ಮೂವತ್ತು ಕಿಲೋಮೀಟರ್ ಆಚೆಯ ಚಿತ್ರದುರ್ಗದ ಹೋಟೆಲನ್ನು ಅದು ‘ಹತ್ತಿರ’ ಎಂದು ತೋರಿಸುತ್ತದೆ. ಇಂಗ್ಲಿಷಿನಲ್ಲಿ ಒಂದಕ್ಷರ ಆಚೀಚೆಯಾದರೆ ಬೆಂಗಳೂರಿನ ಕಲ್ಯಾಣನಗರದ ಮಗ್ಗುಲಿನ ಚೇಳಕೆರೆಗೆ ಒಯ್ಯುತ್ತದೆ, ಅಲ್ಲಿಂದ ಇಲ್ಲಿಗೆ ಇನ್ನೂರು ಕಿಲೋಮೀಟರ್.

ನಾಯಕನಹಟ್ಟಿ ಜಾತ್ರೆಯ ಹೊತ್ತಿನಲ್ಲಿ ಚಳ್ಳಕೆರೆಯ ಲಾಡ್ಜೊಂದರ ಕೌಂಟರಿನ ಬಳಿ ನಾನು ಕೂತಿದ್ದೆ. ಬೆಂಗಳೂರಿನಿಂದ ಒಂದು ಸಂಸಾರ ಬಂತು: ಗಂಡ, ಹೆಂಡತಿ, ನಿದ್ದೆಗಣ್ಣಿನ ಮಗು, ಮುಡಿ ಕೊಡಿಸಲು ಹೊರಟ ಅಜ್ಜಿ. ಗಂಡ ಮೊಬೈಲ್ ಮುಂದೆ ಹಿಡಿದ. ದುಡ್ಡು ಕಟ್ಟಿದ್ದಾಗಿದೆ, ಬುಕಿಂಗ್ ನಂಬರಿದೆ. ಹುಡುಗ ಕೆಂಪು ರಟ್ಟಿನ ಪುಸ್ತಕದ ಮೇಲೆ ಬೆರಳಾಡಿಸಿದ, ಗೋಡೆಯ ಬೀಗದಕೈ ಹಲಗೆ ನೋಡಿದ. ಅದರಲ್ಲಿ ಮೊಳೆಗಳು ಮಾತ್ರ ಉಳಿದಿದ್ದವು.

“ನಮಗೆ ಬುಕಿಂಗೇ ಬಂದಿಲ್ಲ ಸಾರ್.”

“ಫೋಟೊ ನೋಡಪ್ಪಾ, ನಿಮ್ಮದೇ ಬೋರ್ಡಲ್ವಾ?”

ಹುಡುಗ ಮೊಬೈಲನ್ನು ಈಸಿಕೊಂಡು ಕಣ್ಣಿಗೆ ಹತ್ತಿರ ಹಿಡಿದ. “ಬೋರ್ಡು ನಮ್ದೇ ಐತೆ ಸಾರ್. ಒಳಗಿನ ಮಂಚ ನಮ್ದಲ್ಲ.”

ಗಂಡ ಗಿರಾಕಿ ಸೇವೆಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ಸಂಗೀತ ಮುಗಿದ ಮೇಲೆ ಒಂದು ಹೆಣ್ಣು ದನಿ, ‘ನಾವು ಹೋಟೆಲಿನವರ ಜೊತೆ ಮಾತಾಡ್ತಾ ಇದ್ದೇವೆ, ದಯವಿಟ್ಟು ಹೋಲ್ಡ್ ಮಾಡಿ’ ಎಂದಿತು. ನಾವೆಲ್ಲ ಕೌಂಟರಿನ ಮೇಲಿದ್ದ ಲಾಡ್ಜಿನ ಫೋನನ್ನು ನೋಡಿದೆವು. ಅದು ಬಾಯಿ ಬಿಡಲಿಲ್ಲ. ಅಜ್ಜಿ ಮಾತ್ರ, “ಹೋಟೆಲಿನೋನು ಇಲ್ಲೇ ನಿಂತವ್ನಲ್ಲೋ, ಇನ್ಯಾರ ಜೊತೆ ಮಾತಾಡ್ತಾವ್ಳೆ?” ಎಂದರು. ಈ ಇಡೀ ವ್ಯವಹಾರದ ಬಗ್ಗೆ ನಾನು ಕೇಳಿದ ಅತ್ಯಂತ ಸರಿಯಾದ ಪ್ರಶ್ನೆ ಅದು.

ಉತ್ತರ ಸುಲಭವಿಲ್ಲ. ನಾವು ರೂಮು ಕೊಂಡ ತಾಣ ಅದನ್ನು ನೇರ ಲಾಡ್ಜಿನಿಂದಲೇ ತಂದಿರಬೇಕೆಂದಿಲ್ಲ. ಇನ್ನೊಂದು ತಾಣದಿಂದಲೋ, ರೂಮುಗಳ ಸಗಟು ವ್ಯಾಪಾರಿಯಿಂದಲೋ ತಂದಿರಬಹುದು. ಲಾಡ್ಜು ಎಂದೋ ಒಬ್ಬ ಏಜೆಂಟನಿಗೆ ಕೊಟ್ಟ ಹೆಸರು, ದರ, ಒಂದೆರಡು ಫೋಟೊ ಕೈಯಿಂದ ಕೈಗೆ ದಾಟುತ್ತ ಹೋಗುತ್ತವೆ. ಆ ಏಜೆಂಟ್ ಬಿಟ್ಟುಹೋಗಿ, ಅವನ ಮೊಬೈಲ್ ನಂಬರ್ ಬದಲಾಗಿದ್ದರೂ ಪಟ್ಟಿಯಲ್ಲಿ ಅದೇ ಉಳಿದಿರುತ್ತದೆ. ದುಡ್ಡು ಮಾತ್ರ ಮೊದಲ ಕೈಯಲ್ಲೇ ನಿಂತಿರುತ್ತದೆ. ಗಿರಾಕಿ ಲಾಡ್ಜಿನವನನ್ನು ಕೇಳಿದರೆ ‘ಆ್ಯಪಿನವರನ್ನು ಕೇಳಿ’, ಆ್ಯಪಿನವರನ್ನು ಕೇಳಿದರೆ ‘ಹೋಟೆಲ್ ಒಪ್ಪಿದರೆ ರೀಫಂಡ್’.

ಬೆಂಗಳೂರಿನ ಜಗಳ ಇದಕ್ಕಿಂತ ದೊಡ್ಡದು. ಅಲ್ಲಿ ಸಿಕ್ಕಿಬಿದ್ದದ್ದು ಗಿರಾಕಿಯಲ್ಲ, ಹೋಟೆಲಿನವರೇ. 2015ರಲ್ಲಿ ಬೆಂಗಳೂರಿನಲ್ಲಿ ಟ್ರೀಬೊ ಎಂಬ ಕಂಪನಿ ಶುರುವಾಯಿತು. ಕಾಗದಪತ್ರಗಳಲ್ಲಿ ಅದರ ಹೆಸರು ರಬ್‌ಟಬ್ ಸೊಲ್ಯೂಷನ್ಸ್. ಸಣ್ಣ ಹೋಟೆಲುಗಳಿಗೆ ಒಂದೇ ಬಗೆಯ ಹಾಸಿಗೆ, ಹೊದಿಕೆ, ಬೋರ್ಡು ಹಾಕಿ ತನ್ನ ಹೆಸರಲ್ಲಿ ರೂಮು ಮಾರುವ ಕಸುಬು. ಉತ್ತರದಲ್ಲಿ ಅದಕ್ಕೂ ಮೊದಲೇ ಹುಟ್ಟಿದ ಓಯೊ ಮಾಡುತ್ತಿದ್ದುದೂ ಇದನ್ನೇ. ಮೇಕ್‌ಮೈಟ್ರಿಪ್ ಒಂದು ಕಾಲಕ್ಕೆ ಓಯೊವನ್ನೇ ತನ್ನ ತಾಣದಿಂದ ಹೊರಗಿಟ್ಟಿತ್ತು. 2018ರಲ್ಲಿ ಇಬ್ಬರೂ ರಾಜಿಯಾದರು. ಆಗಿದ್ದೇ ತಡ, ಟ್ರೀಬೊ ಮತ್ತು ಅದರಂಥದ್ದೇ ಫ್ಯಾಬ್‌ಹೋಟೆಲ್ಸ್ ಎರಡೂ ಮೇಕ್‌ಮೈಟ್ರಿಪ್–ಗೋಐಬಿಬೊ ತಾಣಗಳಿಂದ ಮಾಯ. ಬೆಂಗಳೂರಿನ ಬೀದಿಯಲ್ಲಿ ಹೋಟೆಲ್ ಹಾಗೇ ನಿಂತಿದೆ, ಬೋರ್ಡಿಗೆ ದೀಪ ಉರಿಯುತ್ತಿದೆ, ಹಾಸಿಗೆಗೆ ಬಿಳಿ ಹೊದಿಕೆ ಹಾಸಿದೆ. ಮೊಬೈಲಿನಲ್ಲಿ ಮಾತ್ರ ಅಂಥ ಹೋಟೆಲೇ ಇಲ್ಲ.

ಹೋಟೆಲ್ ಮತ್ತು ರೆಸ್ಟೊರೆಂಟುಗಳ ಅಖಿಲ ಭಾರತ ಒಕ್ಕೂಟದ ದೂರಿನ ಮೇಲೆ ಸ್ಪರ್ಧಾ ಆಯೋಗ 2019ರ ಅಕ್ಟೋಬರ್‌ನಲ್ಲಿ ತನಿಖೆಗೆ ಆದೇಶಿಸಿತು. ಮರುವರ್ಷ ರಬ್‌ಟಬ್ ದೂರೂ ಅದಕ್ಕೆ ಕೂಡಿಕೊಂಡಿತು. ಆಮೇಲೆ ಮಧ್ಯಂತರ ಆದೇಶ, ಗುಜರಾತ್ ಹೈಕೋರ್ಟು, ಸುಪ್ರೀಂ ಕೋರ್ಟು ಎಂದು ಅಲೆದಾಟ, ಅದರಲ್ಲಿ ಸ್ವಾರಸ್ಯವಿಲ್ಲ. ಸ್ವಾರಸ್ಯ ಇರುವುದು ಒಪ್ಪಂದದ ಷರತ್ತುಗಳಲ್ಲಿ. ತಾಣದಲ್ಲಿ ತೋರಿಸಿದ ದರಕ್ಕಿಂತ ಕಡಿಮೆಗೆ ಹೋಟೆಲಿನವನು ಬೇರೆ ತಾಣದಲ್ಲಾಗಲಿ ತನ್ನದೇ ವೆಬ್‌ಸೈಟಿನಲ್ಲಾಗಲಿ ರೂಮು ಮಾರುವಂತಿಲ್ಲ. ಬೇರೆ ಕಡೆ ರೂಮಿದೆ ಎಂದಾದರೆ ಇಲ್ಲಿಯೂ ಕೊಡಲೇಬೇಕು. ಉದಾಹರಣೆಗೆ ಸಾವಿರದೈನೂರು ರೂಪಾಯಿಯ ರೂಮಿಗೆ ತಾಣದ ಕಮಿಷನ್ ಮುನ್ನೂರು ಎಂದುಕೊಳ್ಳಿ. ತನ್ನ ವೆಬ್‌ಸೈಟಿಗೆ ನೇರವಾಗಿ ಬಂದ ಗಿರಾಕಿಗೆ ಅದರಲ್ಲಿ ಇನ್ನೂರು ಬಿಟ್ಟರೂ ಮಾಲೀಕನಿಗೆ ನೂರು ಲಾಭ, ಗಿರಾಕಿಗೂ ಸಂತೋಷ. ಅದಕ್ಕೇ ಷರತ್ತು ಅಡ್ಡ. ತನ್ನ ಮನೆಯ ಅಕ್ಕಿಗೆ ಪಕ್ಕದ ಬೀದಿಯ ದಿನಸಿ ಅಂಗಡಿಯವನ ಅಪ್ಪಣೆ ಕೇಳಿದ ಹಾಗೆ. ಬೇರೆ ತಾಣಗಳ ಮಟ್ಟಿಗೆ ಈ ಷರತ್ತುಗಳನ್ನು ಕಿತ್ತುಹಾಕಿ ಎಂದು ಆಯೋಗ ಹೇಳಿತು. ಓಯೊ ಜೊತೆಗಿನ ಒಪ್ಪಂದ ಟ್ರೀಬೊ, ಫ್ಯಾಬ್‌ಹೋಟೆಲ್ಸ್‌ಗಳನ್ನು ಮಾರುಕಟ್ಟೆಯಿಂದಲೇ ಹೊರಗಿಟ್ಟಿತು ಎಂದೂ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು.

ಓಯೊ ಮೇಲೆ ಸಣ್ಣ ಹೋಟೆಲುಗಳವರಿಗೆ ಬೇರೆಯದೇ ಸಿಟ್ಟಿತ್ತು. ತಿಂಗಳಿಗಿಷ್ಟು ಖಾತ್ರಿ ಆದಾಯ ಎಂದು ಮಾತುಕೊಟ್ಟು ಕೈಬಿಟ್ಟರು ಎಂದು 2019ರ ನವೆಂಬರ್‌ನಲ್ಲಿ ಬೆಂಗಳೂರಿನ ಹೋಟೆಲ್ ಮಾಲೀಕರೊಬ್ಬರು ಪೊಲೀಸರಿಗೆ ದೂರು ಕೊಟ್ಟರು. ಕಂಪನಿ ಆರೋಪವನ್ನು ಅಲ್ಲಗಳೆಯಿತು. ಇಂಥ ಮುನಿಸಿನ ಏಟು ಕೊನೆಗೆ ಬೀಳುವುದು ಗಿರಾಕಿಗೇ. ಕಂಪನಿಯಿಂದ ಬಾಕಿ ಬರಲಿಲ್ಲವೆಂದು ಮಾಲೀಕ ಬುಕಿಂಗ್ ಹಿಡಿದು ಬಂದವನಿಗೆ ‘ರೂಮಿಲ್ಲ, ಬೇಕಾದರೆ ಕ್ಯಾಶ್ ಕೊಡಿ’ ಎನ್ನುತ್ತಾನೆ.

ಗಿರಾಕಿಗೆ ಸಿಕ್ಕ ಆಸರೆ ಕಡಿಮೆಯೇನಲ್ಲ, ಕಾಗದದ ಮೇಲೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಂಪನಿ ಗುರುಗ್ರಾಮದಲ್ಲಿದ್ದರೂ ದೂರುದಾರ ತನ್ನ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ, ಅಂದರೆ ಚಳ್ಳಕೆರೆಯವನು ಚಿತ್ರದುರ್ಗದಲ್ಲೇ ದೂರು ಹೂಡಬಹುದು. ಹಳೆಯ ಕಾಯ್ದೆಯಲ್ಲಿ ವಾಸದ ಊರು ಎಂಬ ಕಾರಣಕ್ಕೇ ಹಾಗೆ ಹೂಡಲು ಬರುತ್ತಿರಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ‘ಇನ್ನು ಎರಡೇ ರೂಮು ಉಳಿದಿವೆ, ಮೂವತ್ತು ಜನ ಇದನ್ನೇ ನೋಡುತ್ತಿದ್ದಾರೆ’ ಎಂದು ಸುಳ್ಳು ಅವಸರ ಹುಟ್ಟಿಸುವುದನ್ನು ಕೇಂದ್ರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿತು. ಅಜ್ಜಿ, ಮಗು ಕಟ್ಟಿಕೊಂಡು ರಾತ್ರಿ ಹತ್ತಕ್ಕೆ ಬೀದಿಯಲ್ಲಿ ನಿಂತವನಿಗೆ ಇದರಲ್ಲಿ ಯಾವುದೂ ಹಾಸಿಗೆಯಾಗುವುದಿಲ್ಲ ಎಂಬುದು ಬೇರೆ ಮಾತು.

ಹಾಗಾದರೆ ಹಳೆಯ ಹಾಗೆ ನೇರ ಫೋನ್ ಮಾಡಿದರಾಯಿತಲ್ಲ ಎನ್ನುವವರಿದ್ದಾರೆ. ನಾನೂ ಅನ್ನುತ್ತಿದ್ದೆ. ಆದರೆ ಆ ಫೋನ್ ನಂಬರನ್ನೂ ನಾವು ಹುಡುಕುವುದು ಅದೇ ಪರದೆಯಲ್ಲಿ. ಯಾತ್ರಾಸ್ಥಳಗಳ ಅತಿಥಿಗೃಹಗಳ ಹೆಸರಲ್ಲಿ ನಕಲಿ ವೆಬ್‌ಸೈಟು, ನಕಲಿ ನಂಬರುಗಳನ್ನಿಟ್ಟು ಮುಂಗಡ ನುಂಗುವವರ ಬಗ್ಗೆ ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಸಮನ್ವಯ ಕೇಂದ್ರ 2025ರ ಏಪ್ರಿಲ್‌ನಲ್ಲಿ ಎಚ್ಚರಿಕೆ ಹೊರಡಿಸಿತು. ದುಡ್ಡು ಹೋದ ಕೂಡಲೇ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ತಡವಾದರೆ ಅದು ಖಾತೆಯಿಂದ ಖಾತೆಗೆ ಜಿಗಿದಿರುತ್ತದೆ. ತಾಣಗಳಾದರೂ ರೂಮಿನ ಮಾತನ್ನು ಊರಿನಿಂದ ಕೊಂಡು ಮಾರಿದವು. ಈ ವಂಚಕರು ಅದನ್ನೂ ಕೊಳ್ಳದೆ ಮಾರುತ್ತಾರೆ.

ಚಳ್ಳಕೆರೆಯಲ್ಲಿ ಆ ಜಾತ್ರೆಯ ರಾತ್ರಿ ಲಾಡ್ಜಿನ ಯಜಮಾನರೇ ಬಂದು ತಮ್ಮ ಆಫೀಸು ರೂಮಿನಲ್ಲಿ ಜಮಖಾನ ಹಾಸಿಸಿ ಅಜ್ಜಿಯನ್ನೂ ಮಗುವನ್ನೂ ಮಲಗಿಸಿದರು. ದುಡ್ಡು ಮುಟ್ಟಲಿಲ್ಲ. ಗಂಡ ಹೆಂಡತಿ ಕಾರಿನಲ್ಲಿ ಮಲಗಿದರು. ಆಮೇಲೆ ಯಜಮಾನರು ನನ್ನ ಹತ್ತಿರ ತಮ್ಮ ದುಃಖ ತೋಡಿಕೊಂಡರು. ಆ ತಾಣಕ್ಕೆ ಅವರು ಎಂದೂ ಹೆಸರು ಕೊಟ್ಟವರಲ್ಲ. ಹೆಸರು ತೆಗೆಯಿರಿ ಎಂದು ಮಗಳ ಕೈಯಲ್ಲಿ ಇಂಗ್ಲಿಷಿನಲ್ಲಿ ಬರೆಸಿ ಕಳಿಸಿದ್ದರು. ತೆಗೆಯಬೇಕಾದರೆ ಮೊದಲು ನೀವೇ ಮಾಲೀಕರೆಂದು ನೋಂದಾಯಿಸಿಕೊಳ್ಳಿ ಎಂಬ ಉತ್ತರ ಬಂದಿತ್ತು. ನೋಂದಾಯಿಸಿಕೊಂಡರೆ ಒಪ್ಪಂದಕ್ಕೆ ಸಹಿ ಹಾಕಿದ ಹಾಗೆ ಎಂದು ಯಾರೋ ಹೆದರಿಸಿದ್ದರಿಂದ ಅಲ್ಲಿಗೇ ಬಿಟ್ಟಿದ್ದರು.

ಅದರ ಬದಲು ಅವರು ಮಾಡಿದ ಉಪಾಯ ಕೌಂಟರಿನ ಗಾಜಿಗೆ ಅಂಟಿಸಿತ್ತು. ಬಿಳಿ ಹಾಳೆಯ ಮೇಲೆ ಸ್ಕೆಚ್ ಪೆನ್ನಿನ ನೀಲಿ ಅಕ್ಷರ: ‘ಆನ್‌ಲೈನ್ ಬುಕಿಂಗ್ ಮಾಡಿದವರು ಬರುವ ಮುಂಚೆ ನಮಗೆ ಫೋನ್ ಮಾಡಿ ಕೇಳಿಕೊಳ್ಳುವುದು.’

“ಬಂದ ಮೇಲೆ ತಾನೇ ಯಜಮಾನ್ರೇ ಇದನ್ನು ಓದೋದು?” ಎಂದೆ.

“ಹೂಂ, ಬಂದ್ ಮೇಲೇ ಓದ್ತಾರೆ,” ಎಂದರು. “ಓದಿದ್ ಮೇಲೆ ಬೈಯೋದು ಸ್ವಲ್ಪ ಕಮ್ಮಿ ಮಾಡ್ತಾರೆ.”